ಏರಿಯ ಇಳಿಜಾರಿನಲ್ಲೊಂದು ಹಸಿರು ಗೆರೆ

1996ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಅಬುಧಾಬಿಯಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ ಸಿಗುವ ಒಂದು ಖಾಸಗಿ ವನ್ಯಧಾಮದಲ್ಲಿ, ಹಸಿ ನೆಲಕ್ಕೆ ಮೊಣಕಾಲೂರಿ ಕೂತಿದ್ದ ಶ್ರೀಮತಿ ಲೋಲಾಕ್ಷಿಯವರು ಒಂದು ಚಿಟಿಕೆ ಮಣ್ಣನ್ನು ತೆಗೆದು ನಾಲಗೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿ ರುಚಿ ನೋಡಿ, ಉಗಿದು, ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಗೇಣು ಕೆಳಗಿನಿಂದ ಇನ್ನೊಂದು ಚಿಟಿಕೆ ತೆಗೆದರು.

ಕೊಲ್ಲಿಯ ಮರುಭೂಮಿಯಲ್ಲಿ ಕಾಡುಪ್ರಾಣಿಗಳಿಗೆಂದೇ ಮೇವಿನ ತಾಕುಗಳನ್ನು ಬೆಳೆಸುವವರು ಬಹಳ ಮಂದಿಯಿಲ್ಲ. ಆ ಸಣ್ಣ ಬಳಗದಲ್ಲಿ ಲೋಲಾಕ್ಷಿಯವರ ಮಾತಿಗೆ ಇಂದು ಸಲ್ಲುವ ಗೌರವ ದೊಡ್ಡದು. ಹದಿನೈದು ವರ್ಷಗಳ ಸೇವೆಯನ್ನು ಮುಗಿಸಿ ಅವರು ಈ ವರ್ಷ, 2009ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಅವರ ಪ್ರಬಂಧಗಳನ್ನು ಓದಿದವರಿಗೆ ಅಂಕಿಅಂಶಗಳು ನೆನಪಿರಬಹುದು. ಅವರೊಡನೆ ದುಡಿದವರಿಗೆ ನೆನಪಿರುವುದು ಆ ಬೆಳಗಿನ ನಾಲಗೆ.

ಅವರು ಹುಟ್ಟಿ ಬೆಳೆದದ್ದು ಉಡುಪಿಗೆ ಸಮೀಪದ ಉದ್ಯಾವರದಲ್ಲಿ. ಹೊಳೆ ಸಮುದ್ರ ಸೇರುವ ಆ ಬದಿಯ ಗದ್ದೆಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗುವುದೂ ಮಳೆಗಾಲದಲ್ಲಿ ಆ ಉಪ್ಪೆಲ್ಲ ತೊಳೆದುಹೋಗುವುದೂ ಅವರು ಚಿಕ್ಕಂದಿನಿಂದ ಕಂಡ ಸಂಗತಿ. ಹೆಬ್ಬಾಳದಲ್ಲಿ ಮಣ್ಣಿನ ಶಾಸ್ತ್ರವನ್ನು ಓದಿ, ಊರಿನಲ್ಲಿ ಬಹುಕಾಲ ಮಣ್ಣು ಪರೀಕ್ಷೆಯ ಕೆಲಸ ಮಾಡಿ, 1993ರಲ್ಲಿ ಅವರು ದುಬೈಗೆ ಬಂದರು. ಪತಿ ಪೂವಪ್ಪನವರು ಬರ್ ದುಬೈಯ ಬಟ್ಟೆ ವ್ಯಾಪಾರದ ಕಚೇರಿಯೊಂದರಲ್ಲಿದ್ದರು. ಮನೆ ಊದ್ ಮೇಥಾದಲ್ಲಿ. ಮರುವರ್ಷ ವನ್ಯಧಾಮದಲ್ಲಿ ಕೆಲಸ ಸಿಕ್ಕಾಗ, ವಾರವಿಡೀ ಮರಳಿನ ನಡುವಿನ ಪೋರ್ಟಾಕ್ಯಾಬಿನ್ನಿನಲ್ಲಿದ್ದು ರಜೆಗೆ ಮಾತ್ರ ಮನೆಗೆ ಬರುವ ಬದುಕನ್ನು ಅವರು ಉತ್ಸಾಹದಿಂದಲೇ ಒಪ್ಪಿಕೊಂಡರು. "ಮರುಭೂಮಿಯಲ್ಲಿ ಮಣ್ಣು ಪರೀಕ್ಷೆ ಎಂತದು? ಅಲ್ಲಿರುವುದು ಹೊಯ್ಗೆ ಅಲ್ವಾ?" ಎಂದು ಪೂವಪ್ಪನವರು ಕೇಳಿದ್ದಕ್ಕೆ, "ಅದನ್ನೇ ನೋಡಿ ಬರ್ತೇನೆ" ಎಂದಿದ್ದರಂತೆ.

1996ರ ಆರಂಭದಲ್ಲಿ ಮಳೆ ಬಿಡದೆ ಸುರಿಯಿತು. ವನ್ಯಧಾಮದ ತಗ್ಗು ಬಯಲಿನಲ್ಲಿ, ಅಂದರೆ ಇಲ್ಲಿಯವರು ಸಬ್ಖಾ ಎನ್ನುವ ಉಪ್ಪು ನೆಲದ ಅಂಚಿನಲ್ಲಿ, ನೀರು ಕೆರೆಯಂತೆ ನಿಂತಿತು. ಕೊಟ್ಟಿಗೆಯಲ್ಲಿ ಹುಟ್ಟಿ, ಒಣಹುಲ್ಲಿನ ಕಟ್ಟುಗಳನ್ನಷ್ಟೇ ತಿಂದು ಬೆಳೆದ ಹನ್ನೊಂದು ಅರೇಬಿಯನ್ ಜಿಂಕೆಗಳನ್ನು ಆ ವರ್ಷ ಬಯಲಿಗೆ ಬಿಡಬೇಕೆಂಬ ಯೋಜನೆಯಿತ್ತು. ಗೇಟಿನಾಚೆ ಹಸಿರು ಮೇವು ಸಿಕ್ಕರೆ ಅವು ತಿನ್ನುತ್ತ ತಿನ್ನುತ್ತ ದೂರ ಹೋಗುವುದನ್ನು ಕಲಿಯುತ್ತವೆ. ಸಿಗದಿದ್ದರೆ ಬೇಲಿಗೆ ಮುಖ ಮಾಡಿಯೇ ನಿಂತಿರುತ್ತವೆ. ವ್ಯವಸ್ಥಾಪಕರಾಗಿದ್ದ ಮಂಗಳೂರಿನ ಅಲೆಕ್ಸಾಂಡರ್ ಅವರು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದರು.

"ಎಪ್ರಿಲ್ ಕೊನೆಗೆ ಗೇಟು ತೆಗೆಯುವುದು ಅಂತ ವನ್ಯಧಾಮದ ಯಜಮಾನರಿಗೆ ಮಾತು ಕೊಟ್ಟಿದ್ದೇನೆ ಮೇಡಮ್. ಅಷ್ಟರೊಳಗೆ ಹಸಿರು ಕಾಣದಿದ್ರೆ ಖಲಾಸ್. ಜಿಂಕೆಗಳು ಕೊಟ್ಟಿಗೆಯಲ್ಲೇ ಮುದಿಯಾಗ್ತವೆ. ಇನ್ನೊಮ್ಮೆ ಕೇಳ್ಲಿಕ್ಕೆ ನನಗೆ ಮುಖ ಉಂಟಾ?"

ಹಸಿ ನೆಲವನ್ನು ಕಂಡಾಗ ಕರಾವಳಿಯ ಕೈ ಏನು ಮಾಡುತ್ತದೆಯೋ ಲೋಲಾಕ್ಷಿಯವರ ಕೈಯೂ ಅದನ್ನೇ ಮಾಡಿತು. ನೀರು ಇಂಗುತ್ತಿದ್ದಂತೆ ಮಣ್ಣನ್ನು ಉದ್ದಕ್ಕೆ ಎತ್ತರಿಸಿ ಏರಿಗಳನ್ನು ಕಟ್ಟಿಸಿದರು. ಬೇರು ಕೊಳೆಯದಿರಲೆಂದು, ಊರಿನಲ್ಲಿ ಮಳೆಗಾಲದ ತರಕಾರಿಗೆ ಮಾಡುವಂತೆ, ಏರಿಯ ನೆತ್ತಿಯ ಮೇಲೆಯೇ ಬೀಜ ಹಾಕಿಸಿದರು. ಬಿತ್ತಿದ್ದು ರೋಡ್ಸ್ ಎಂಬ ಮೇವಿನ ಹುಲ್ಲು. ಮಳೆ ಉಪ್ಪನ್ನು ತೊಳೆದಿದೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಮಣ್ಣಿನ ಉಪ್ಪನ್ನು ಅಳೆಯುವ ಮೀಟರು ಅದೇ ಮಳೆಯಲ್ಲಿ ನೆನೆದು ಕೆಟ್ಟು, ದುಬೈಯ ನೈಫ್ ಪೇಟೆಯ ರಿಪೇರಿ ಅಂಗಡಿಯಲ್ಲಿತ್ತು. ಮಾರ್ಚ್ ಎರಡನೆಯ ವಾರಕ್ಕೆ ಏರಿಗಳ ನೆತ್ತಿಯೆಲ್ಲ ಬೆಳ್ಳಗಾಯಿತು, ಮೊಳೆತದ್ದೆಲ್ಲ ಸುಟ್ಟುಹೋಯಿತು.

ಆ ಮಂಗಳವಾರ ಅವರು ತಾಕಿಗೆ ಹೋದದ್ದು ಸೋಲನ್ನು ಕಣ್ಣಾರೆ ನೋಡಲೆಂದು. ಆದರೆ ಮೂರನೆಯ ಏರಿಯ ಇಳಿಜಾರಿನ ನಡುಮಟ್ಟದಲ್ಲಿ, ಯಾರೂ ಬಿತ್ತದ ಜಾಗದಲ್ಲಿ, ಎಳೆ ಹುಲ್ಲಿನ ಒಂದು ಗೆರೆ ಕಾಣಿಸಿತು. ಬೇಸರ ಅಲ್ಲಿಯೇ ನಿಂತು ಕುತೂಹಲ ಮುಂದೆ ಬಂತು. ಮೇಲಿನ ಮಣ್ಣು, ನಡುವಿನ ಮಣ್ಣು, ಎರಡು ಏರಿಗಳ ನಡುವಿನ ಕಣಿಯ ಮಣ್ಣು, ಹೀಗೆ ಒಂದೊಂದನ್ನೂ ಅವರು ನಾಲಗೆಗಿಟ್ಟು ನೋಡತೊಡಗಿದರು. ಟ್ರ್ಯಾಕ್ಟರ್ ನಡೆಸುತ್ತಿದ್ದ ಕಿನ್ನಿಗೋಳಿಯ ಕ್ಯಾಮಿಲಸ್ ಬಂದು ಕಂಡದ್ದು ಈ ದೃಶ್ಯವನ್ನು.

"ಎಂತ ಅವಸ್ಥೆ ಅಕ್ಕಾ ಇದು? ಹಸಿವೆ ಆದ್ರೆ ಹೇಳ್ಬಾರ್ದಾ? ಉಪ್ಪಿನಕಾಯಿ ಆದ್ರೂ ತರ್ತಿದ್ದೆ."

"ಉಪ್ಪು ಇಲ್ಲೇ ಧಾರಾಳ ಉಂಟು. ಗಂಜಿ ಇದ್ರೆ ತನ್ನಿ. ಅದಕ್ಕೆ ಮೊದಲು ನೀವೂ ಒಮ್ಮೆ ರುಚಿ ನೋಡಿ ಹೇಳಿ."

"ನನಗೆ ಬೇಡ ಮಾರಾಯ್ರೆ, ಬೀಪಿ ಉಂಟು."

"ಇಳಿಜಾರಲ್ಲಿ ಬೀಜ ಹಾಕಿದ್ದು ಯಾರು ಕ್ಯಾಮಿಲಸ್?"

"ನಾನಲ್ಲ. ತುದಿಯಲ್ಲಿ ಹಾಕಿ ಅಂದ್ರಿ, ತುದಿಯಲ್ಲೇ ಹಾಕಿದ್ದೇನೆ. ಆವತ್ತು ಗಾಳಿ ಇತ್ತು, ನಾಲ್ಕು ಜಾರಿರಬಹುದು. ಅದಕ್ಕೂ ಬೈಗುಳವಾ?"

"ಬೈಯುವುದಲ್ಲ. ಎಲ್ಲವನ್ನೂ ಜಾರಿಸಬೇಕಿತ್ತು ನೀವು."

ಅವರ ನಾಲಗೆ ಕಂಡುಕೊಂಡದ್ದು ಇಷ್ಟು. ನೆಲದಡಿಯ ಉಪ್ಪುನೀರು, ದೀಪದ ಬತ್ತಿ ಎಣ್ಣೆಯನ್ನೆಳೆಯುವಂತೆ, ಏರಿಯ ಎರಡೂ ಕಡೆಯಿಂದ ಮೇಲಕ್ಕೇರುತ್ತದೆ. ನೆತ್ತಿಯಲ್ಲಿ ನೀರು ಆರಿ ಉಪ್ಪು ಅಲ್ಲಿಯೇ ಉಳಿಯುತ್ತದೆ. ಉದ್ಯಾವರದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆ ಉಪ್ಪನ್ನು ಕೆಳಕ್ಕೆ ತಳ್ಳಿ ಹೊಳೆಗೆ ಒಯ್ಯುತ್ತದೆ. ಇಲ್ಲಿ ಮಳೆ ನಿಂತ ಮರುದಿನವೇ ಬಿಸಿಲು ಅದನ್ನು ಮತ್ತೆ ಮೇಲಕ್ಕೆಳೆಯುತ್ತದೆ. ನೆತ್ತಿಯಲ್ಲಿ ಉಪ್ಪು, ಕಣಿಯಲ್ಲಿ ನಿಂತ ನೀರು. ಎರಡೂ ಕಾಡದ ಜಾಗವೆಂದರೆ ಇಳಿಜಾರಿನ ನಡು ಮಾತ್ರ. ಇಂಥ ಸಂಗತಿ ಪಠ್ಯಪುಸ್ತಕಗಳಲ್ಲಿ ಇಲ್ಲದಿಲ್ಲ. ಹೆಬ್ಬಾಳದಲ್ಲಿ ತಾವೇ ಓದಿದ್ದೆಂದೂ, ಹಸಿ ನೆಲವನ್ನು ಕಂಡೊಡನೆ ಓದು ಹಿಂದೆ ಸರಿದು ಊರು ಮುಂದೆ ಬಂದಿತೆಂದೂ ಅವರು ಈಗಲೂ ನಗುತ್ತ ಹೇಳುತ್ತಾರೆ.

ನಾಲಗೆಯನ್ನು ನಂಬಿ ಇಳಿಜಾರಿನಲ್ಲಿ ಮತ್ತೆ ಬಿತ್ತುವುದು ಅಲೆಕ್ಸಾಂಡರ್ ಅವರಿಗೆ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. "ರಿಪೋರ್ಟಲ್ಲಿ ಎಂತ ಬರೆಯುವುದು ಮೇಡಮ್, ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಅಂತಲಾ?"

"ಮೀಟರ್ ಬಂದ ಮೇಲೆ ಅಂಕಿ ಬರೆಯುವ. ಹುಲ್ಲು ಅಷ್ಟು ದಿನ ಕಾಯುವುದಿಲ್ಲ."

ಕೊನೆಗೆ ಅಲೆಕ್ಸಾಂಡರ್, "ಯಲ್ಲಾ, ಆಯ್ತು, ಬಿತ್ತಿ. ನನ್ನ ಮಾನವನ್ನೂ ಅದರ ಜೊತೆಗೇ ಬಿತ್ತಿ" ಎಂದರು.

ಲೋಲಾಕ್ಷಿಯವರು ಖರ್ಜೂರದ ಗರಿಯ ದಿಂಡೊಂದನ್ನು ಕಣಿಯಲ್ಲಿ ನೆಟ್ಟಗೆ ನಿಲ್ಲಿಸಿ, ಆ ಹಸಿರು ಗೆರೆಯ ಮಟ್ಟಕ್ಕೆ ಚಾಕುವಿನಿಂದ ಕಚ್ಚು ಹಾಕಿದರು. ಕೋಲನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ, ಕಚ್ಚಿನ ಎತ್ತರದಲ್ಲಿ ಇಳಿಜಾರಿಗೆ ಬೀಜ ಒತ್ತುತ್ತ ಹೋದವರು ಅದೇ ಕ್ಯಾಮಿಲಸ್. ಮೀಟರು ರಿಪೇರಿಯಾಗಿ ಬರುವ ಹೊತ್ತಿಗೆ ಏರಿಗಳ ಇಕ್ಕೆಲದಲ್ಲೂ ಹಸಿರು ಹರಡಿತ್ತು. ಅಂಕಿಗಳು ನಾಲಗೆಯ ಮಾತನ್ನೇ ಹೇಳಿದವು.

ಎಪ್ರಿಲ್ ಕೊನೆಯಲ್ಲಿ ಗೇಟು ತೆರೆದಾಗ ಜಿಂಕೆಗಳು ಹೊರಗೆ ಬರಲಿಲ್ಲ. ಅಭ್ಯಾಸಬಲದಿಂದ ಖಾಲಿ ಮೇವಿನ ತೊಟ್ಟಿಯ ಸುತ್ತ ನಿಂತವು. ಅಲೆಕ್ಸಾಂಡರ್ ಕೈಗಡಿಯಾರವನ್ನು ನೋಡಿದರು, ಲೋಲಾಕ್ಷಿಯವರು ಜಿಂಕೆಗಳನ್ನು ನೋಡಿದರು. ಬಿಸಿಲು ಏರಿದ ಮೇಲೆ ಒಂದು ಹೆಣ್ಣು ಜಿಂಕೆ ಮೂಗನ್ನು ಗಾಳಿಗೊಡ್ಡಿ ಗೇಟು ದಾಟಿತು. ಮೊದಲ ಏರಿಯ ನೆತ್ತಿಯ ಬಿಳಿ ಹೆಪ್ಪನ್ನು ನೆಕ್ಕಿತು. ಆಮೇಲೆ ಕತ್ತು ತಗ್ಗಿಸಿ ಇಳಿಜಾರಿನ ಹುಲ್ಲಿಗೆ ಬಾಯಿ ಹಾಕಿತು. "ನೋಡಿ ಅಕ್ಕಾ, ಅದೂ ನಿಮ್ಮ ಹಾಗೆಯೇ, ಮೊದಲು ಉಪ್ಪು ನೋಡಿಯೇ ಊಟ" ಎಂದು ಕ್ಯಾಮಿಲಸ್ ಪಿಸುಗುಟ್ಟಿದರು. ಸಂಜೆಯೊಳಗೆ ಹನ್ನೊಂದೂ ಹೊರಗಿದ್ದವು.

ಮುಂದೆ ಇದನ್ನು ಕುರಿತು ಪ್ರಬಂಧ ಬರೆದಾಗ, ಲೋಲಾಕ್ಷಿಯವರು ಆ ವಿಧಾನಕ್ಕೆ 'ಕ್ಯಾಮಿಲಸ್ ಸಾಲು' ಎಂದು ಹೆಸರಿಟ್ಟರು. ಕೈತಪ್ಪಿ ಜಾರಿದ ಬೀಜದ ಯಶಸ್ಸನ್ನು ಜಾರಿಸಿದವರಿಗೇ ಕೊಟ್ಟ ಅವರ ಔದಾರ್ಯವನ್ನು ಕ್ಯಾಮಿಲಸ್ ಇಂದಿಗೂ ಅನುಮಾನದಿಂದಲೇ ನೋಡುತ್ತಾರೆ: "ಹೊಗಳಿದ್ದಾ ಅಕ್ಕಾ, ಕೆಲಸ ಸರಿಯಿಲ್ಲ ಅಂತ ಅಚ್ಚು ಹಾಕಿಸಿದ್ದಾ?" ಪ್ರಯೋಗಾಲಯದ ಸಹಾಯಕಿ ಜಮೀಲ ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ ಕೈಚೆಲ್ಲಿದಾಗ, ಪ್ರತಿ ಸಲವೂ ಟೆಸ್ಟಿನ ಮೈದಾನದ ಹೊರಗೆ ಬಿಸಿಲಿನಲ್ಲಿ ಕಾದು ನಿಂತವರು ಲೋಲಾಕ್ಷಿಯವರೇ. "ಎಲ್ಲಿ ತಪ್ಪಿತು ಹೇಳು, ಅದು ಸ್ವಾರಸ್ಯದ ವಿಷಯ" ಎಂಬುದು ಅವರ ಸಮಾಧಾನದ ರೀತಿ. ಸೋಲು ಅವರಿಗೆ ಎಂದೂ ನಾಚಿಕೆಯ ಸಂಗತಿಯಾಗಲಿಲ್ಲ. ಬಗ್ಗಿ ನೋಡಬೇಕಾದ ಸಂಗತಿಯಾಗಿತ್ತು.

ನಿವೃತ್ತಿಯ ನಂತರವೂ ಉದ್ಯಾವರದ ಉಪ್ಪು ಗದ್ದೆಗಳಲ್ಲಿ ಅವರ ಕೆಲಸ ಮುಂದುವರಿಯಲಿದೆ ಎಂದು ತಿಳಿದು ಸಂತೋಷವಾಗಿದೆ. ಪೂವಪ್ಪನವರೊಡನೆ ಅವರು ನೂರು ಮಳೆಗಾಲ ಕಾಣಲಿ, ಅವರ ನಾಲಗೆಯ ಚುರುಕೂ ಮನಸ್ಸಿನ ಕುತೂಹಲವೂ ಹೀಗೆಯೇ ಇರಲಿ ಎಂಬುದು ಜೊತೆಗೆ ದುಡಿದವರೆಲ್ಲರ ಹಾರೈಕೆ. ವನ್ಯಧಾಮದಲ್ಲಿ ಮಳೆ ಬಂದ ವರ್ಷಗಳಲ್ಲಿ ಈಗಲೂ ಆ ಕೋಲಿನ ಅಳತೆಯಲ್ಲಿಯೇ ಬಿತ್ತುತ್ತಾರೆ. ಗರಿಯ ದಿಂಡು ಸವೆದುಹೋಗಿ ಅದರ ಜಾಗಕ್ಕೆ ಮರದ ಕೋಲು ಬಂದಿದೆ. ಕಚ್ಚು ಮಾತ್ರ ಬದಲಾಗಿಲ್ಲ. ಬುಡದಿಂದ ಕಚ್ಚಿನವರೆಗೆ ಹದಿನೆಂಟು ಸೆಂಟಿಮೀಟರ್.