ಹದಿನೆಂಟು ಕಿಲೋ

೧೯೭೩ರ ಬೇಸಿಗೆ. ನಾನಾಗ ಕ್ಯಾಪ್ಟನ್, ಹುಮನಾಬಾದ್ ಪಕ್ಕದ ಬಯಲಿನಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಲೈಟ್ ಇನ್‌ಫೆಂಟ್ರಿ ಕಂಪನಿಯೊಂದರ ಕಮಾಂಡರ್. ಲೈಟ್ ಇನ್‌ಫೆಂಟ್ರಿ ಎಂದರೆ ಲಾರಿಗಳ ಹಂಗಿಲ್ಲದೆ ವೇಗವಾಗಿ ನಡೆದು ಹೋಗಿ ಹೊಡೆಯುವ ಕಾಲ್ದಳ. ಮುಂದಿನ ಯುದ್ಧದಲ್ಲಿ ಸೇತುವೆಗಳು ಮೊದಲ ದಿನವೇ ಹಾರಿಹೋಗುತ್ತವೆ, ಆಗ ಇಂಥವರೇ ಬೇಕು ಎಂಬ ಮಾತಿತ್ತು. ಹೆಸರೇನೋ ಲೈಟ್, ಜವಾನನ ಬೆನ್ನ ಮೇಲೆ ಮಾತ್ರ ಹಳೆಯ ಹೊರೆಯೇ!

ಕಾಗದದಲ್ಲಿ ಬರೆದ ತೂಕವನ್ನು ನಂಬದೆ, ಮಾಣಿಕನಗರದ ಧಾನ್ಯದಂಗಡಿಯ ತಕ್ಕಡಿಗೆ ಒಬ್ಬನ ಸಾಮಾನು ಏರಿಸಿದೆ. ಮೂವತ್ತೊಂದು ಕಿಲೋ. ಅಂಗಡಿಯವರು ಬಾಯಿ ಮೇಲೆ ಕೈಯಿಟ್ಟರು. “ಇಷ್ಟು ಹೊತಗೊಂಡು ಓಡ್ತಾರೇನ್ರಿ ಸಾಹೇಬ್ರ? ನಾವು ಎತ್ತಿಗಿ ಹಿಂಗ ಹೇರಿದ್ರ ಮಂದಿ ಬೈತಾರ!”

ಏನನ್ನು ಬಿಡಬೇಕೆಂದು ಜವಾನರನ್ನೇ ಕೇಳಿದೆ. ಸ್ಟೋವ್, ಡಬ್ಬಿ ಊಟ, ಎರಡನೇ ಜೊತೆ ಬೂಟು ಹೊರಬಿದ್ದವು. ಜಾಣತನ ತೋರಿಸಲು ಹೋಗಿ, ನೀರನ್ನೂ ಅರ್ಧ ಮಾಡೋಣ ಎಂದೆ. ಚಿಟಗುಪ್ಪದ ಹವಾಲ್ದಾರ್ ಸಿಡಿದೆದ್ದ. “ನೀರಿಗಿ ಕೈ ಹಚ್ಚಬ್ಯಾಡ್ರಿ ಸಾಬ್! ಈ ಬಿಸಲಾಗ ಮಂದಿ ಸಾಯ್ತಾರ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸ್ರಿ, ಒಲಿನೂ ಬ್ಯಾಡ, ಡಬ್ಬಿನೂ ಬ್ಯಾಡ.” ಅವನು ಹೇಳಿದ್ದೇ ಸರಿ, ಒಣರೊಟ್ಟಿ ಚಟ್ನಿಪುಡಿಗೆ ಒಲೆ ಬೇಕಿಲ್ಲ. ತಕ್ಕಡಿ ಹದಿನೆಂಟಕ್ಕೆ ಇಳಿಯಿತು.

ಪರೀಕ್ಷೆಗೆ ಬಂದ ಕರ್ನಲ್‌ಗೆ ಇದು ಹಿಡಿಸಲಿಲ್ಲ. ಸ್ಕೇಲ್, ಅಂದರೆ ನಿಗದಿಯಾದ ಸಾಮಾನಿನ ಪಟ್ಟಿ, ಅವರಿಗೆ ವೇದವಾಕ್ಯ. “ಒಂದು ಚಮಚ ಕಡಿಮೆಯಾದರೂ ನಿಮ್ಮ ಬಡ್ತಿ ಮರೆತುಬಿಡಿ” ಎಂದರು. ಪಿತ್ತ ನೆತ್ತಿಗೇರಿತು. ಮರುದಿನ ಬೆಳಿಗ್ಗೆ ನನ್ನ ಕಂಪನಿ ಹದಿನೆಂಟು ಕಿಲೋ ಹೊತ್ತೇ ಹೊರಟಿತು.

ಗುರಿ ಬಸವಕಲ್ಯಾಣದ ಕೋಟೆ. ಹೊಲ, ಕಲ್ಲುನೆಲದ ಮಡ್ಡಿ ದಾಟಿ ಸುಮಾರು ಮೂವತ್ತು ಕಿಲೋಮೀಟರ್. ಪೂರ್ತಿ ಹೊರೆ ಹೊತ್ತ ಇನ್ನೊಂದು ಕಂಪನಿಯೂ ಜೊತೆಗೇ ಹೊರಟಿತ್ತು. ನಾವು ಮಧ್ಯಾಹ್ನ ಎರಡಕ್ಕೆ ತಲುಪಿದೆವು, ಒಬ್ಬನೂ ಹಿಂದೆ ಬೀಳಲಿಲ್ಲ. ಅವರು ಐದೂವರೆಗೆ ಬಂದರು. ಅವರಲ್ಲಿ ಒಂಬತ್ತು ಮಂದಿ ದಾರಿಯಲ್ಲೇ ಬಿಸಿಲಿಗೆ ಕುಸಿದಿದ್ದರು.

ಸಂಜೆ ಕರ್ನಲ್ ಒಂದು ಕಾಗದ ಮುಂದಿಟ್ಟರು. ‘ಸಾಮಾನನ್ನು ಅಜಾಗರೂಕತೆಯಿಂದ ಬಿಟ್ಟುಬಂದೆ’ ಎಂದು ನನ್ನ ಹೆಸರಲ್ಲಿ ಟೈಪಾಗಿತ್ತು. “ಸಹಿ ಮಾಡಿ, ನಿಮ್ಮ ಬಡ್ತಿ ಉಳಿಯುತ್ತದೆ.” ಸಹಿ ಹಾಕಿದರೆ ನಮ್ಮ ಫಲಿತಾಂಶ ಲೆಕ್ಕಕ್ಕೆ ಬಾರದ ತಪ್ಪೆನಿಸಿ, ಪ್ರಯೋಗ ರದ್ದಾಗಿ ಜವಾನರ ಬೆನ್ನಿಗೆ ಮತ್ತೆ ಮೂವತ್ತೊಂದು ಕಿಲೋ ಏರುತ್ತಿತ್ತು. ಆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದೆ: ‘ಮರೆತು ಬಿಟ್ಟಿದ್ದಲ್ಲ, ತಿಳಿದೇ ಬಿಟ್ಟಿದ್ದು.’ ಆಮೇಲೆ ಸಹಿ ಹಾಕಿದೆ.

ಎರಡು ವರ್ಷದ ನಂತರ ಹದಿನೆಂಟು ಕಿಲೋ ಆ ಕಂಪನಿಯ ಅಧಿಕೃತ ಸ್ಕೇಲ್ ಆಯಿತು. ನನ್ನ ಬಡ್ತಿ ತಡೆಹಿಡಿದವರು ತಡೆಹಿಡಿದೇ ಇದ್ದರು. ಹೋಗಲಿ ಬಿಡಿ! ಜವಾನನ ಬೆನ್ನಿನಿಂದ ಇಳಿಸಿದ ಭಾರವನ್ನು ಯಾರೋ ಒಬ್ಬ ಅಧಿಕಾರಿ ತನ್ನ ಹೆಸರಿನ ಮೇಲೆ ಹೊರಲೇಬೇಕು ಎಂದು ನೌಕರಿ ನನಗೆ ಕಲಿಸಿತು. ನಾನು ಹೊತ್ತೆ. ಇವತ್ತು ಆ ಕಾಗದ ಮತ್ತೆ ಮುಂದಿಟ್ಟರೂ ಅದನ್ನೇ ಬರೆಯುತ್ತೇನೆ.