ಗೋಡೆಯ ಮೇಲಿಲ್ಲದ ಮೂರು ಆಟ

ಬರ್ನಿ ಪವ್ಲಾಕನ ಬಾಯಿ ತೆರೆದುಕೊಂಡದ್ದು ಮಂಗಳವಾರ ಮಧ್ಯಾಹ್ನ ಒಂದೂಕಾಲಕ್ಕೆ. ಅದು ಮತ್ತೆ ನೆಟ್ಟಗೆ ಮುಚ್ಚಿಕೊಂಡದ್ದು ಗುರುವಾರ. ನಡುವೆ ಅವನ ಹೆಂಡತಿ ಲೊರೇನ್, ಹೇಗೂ ತೆರೆದೇ ಇದೆಯಲ್ಲ ಎಂದು, ಎರಡು ಹೊತ್ತು ಅದಕ್ಕೆ ಕೋಸಿನ ಸೂಪು ಹಾಕಿದಳು. ಉಕ್ಕಿನ ಕಾರ್ಖಾನೆ ಮುಚ್ಚಿದಾಗಲೂ ಒಂದು ಲೋಟ ಬಿಯರ್ ಕುಡಿಯುವಷ್ಟು ಹೊತ್ತಿನಲ್ಲಿ ಸುಧಾರಿಸಿಕೊಂಡಿದ್ದ ಗಂಡಸು ಅವನು.

ಬಾಯಿ ಹಾಗೇಕೆ ತೆರೆಯಿತೆಂದು ತಿಳಿಯಬೇಕಾದರೆ ಮೊದಲು ಗೋಡೆಯ ವಿಚಾರ ಗೊತ್ತಿರಬೇಕು.

ಈರೀ ಸರೋವರದ ದಂಡೆಯ ಪೋರ್ಟ್ ಹಾರ್ಲನ್‌ನಲ್ಲಿ, ಕಾರ್ಖಾನೆಯ ಮೂರನೇ ಗೇಟಿಗೆ ಎದುರಾಗಿ, ಡಾಟಿ ಕೊವಾಚಳ ಬಾರಿದೆ. ಅದರ ಪಡುವಣ ಗೋಡೆ ಇಡೀ ಊರಿನ ಶಾಸನ. ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಹಾರ್ಲನ್ ಡಾಕರ್ಸ್ ಆಡಿದ ಒಂದೊಂದು ಹಂಗಾಮಿಗೂ ಅಲ್ಲಿ ಒಂದೊಂದು ಸಾಲು: ಇಸವಿ, ಗೆಲುವು, ಸೋಲು, ಸಮ, ಕೊನೆಗೊಂದು ಷರಾ. ಶುರುವಾದದ್ದು 1950ರಲ್ಲಿ, ಡಾಟಿಯ ಅಪ್ಪನ ಕೈಯಿಂದ. 1961ರಲ್ಲಿ ಗೆಲುವು ಒಂಬತ್ತು, ಸೋಲು ನಾಲ್ಕು, ಸಮ ಒಂದು, ಷರಾ ‘ಚಾಂಪಿಯನ್’. ಬಂಗಾರದ ಬಣ್ಣದಲ್ಲಿರುವುದು ಅದೊಂದೇ ಸಾಲು, ಮುಂದೆಯೂ ಅದೊಂದೇ ಇರುವ ಲಕ್ಷಣ ಕಾಣುತ್ತಿದೆ. 1968ಕ್ಕೆ ಷರಾ ‘ಮಂಡಿ’. ಯಾರ ಮಂಡಿ ಎಂದು ಕೇಳಿದವನು ಪರ ಊರಿನವನೆಂದು ಕೂಡಲೇ ಗೊತ್ತಾಗುತ್ತದೆ. 1973ರಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಸೋತರು. ಷರಾ: ‘ಹವೆ ಚೆನ್ನಾಗಿತ್ತು’.

ಮುದುಕನ ಕೈ ನಡುಗತೊಡಗಿ, ಅವನು ಬರೆದ ಎಂಟು ಮೂರರಂತೆ ಕಂಡು, ಅದರಿಂದಾಗಿ ಇಬ್ಬರ ಹಲ್ಲು ಉದುರಿದ ಮೇಲೆ, 1979ರಲ್ಲಿ ಕುಂಚ ಬರ್ನಿಯ ಕೈಗೆ ಬಂತು. ಆಗ ಅವನಿಗೆ ಇಪ್ಪತ್ತೈದು. ಕಾರ್ಖಾನೆಯಲ್ಲಿ ಅವನ ಕೆಲಸವೇ ಬರೆಯುವುದು: ‘ಎಚ್ಚರಿಕೆ’, ‘ತಲೆ ತಗ್ಗಿಸಿ’, ‘ಇಲ್ಲಿ ನಿಲ್ಲಬೇಡಿ’. ಡಾಕರ್ಸ್ ತಂಡದ ಚರಿತ್ರೆ ಬರೆಯಲು ಇದಕ್ಕಿಂತ ಒಳ್ಳೆಯ ತರಬೇತಿ ಇನ್ನೊಂದಿಲ್ಲ. ಹಂಗಾಮು ಮುಗಿದ ಮರುದಿನ ಅವನು ಕ್ಷೌರ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಏಣಿ ಹತ್ತುತ್ತಿದ್ದ. ಕೆಳಗೆ ಜನ ಟೋಪಿ ತೆಗೆದು ನಿಲ್ಲುತ್ತಿದ್ದರು. ಈ ಗೋಡೆಯ ಮೇಲೆ ಸುಳ್ಳು ಬರೆಯಲಾರೆನೆಂದು ಮೊದಲ ದಿನವೇ ಅವನು ಮುದುಕನ ಕೈ ಮುಟ್ಟಿ ಮಾತು ಕೊಟ್ಟಿದ್ದ.

ಸುಳ್ಳನ್ನೇನೋ ಬರೆಯಲಿಲ್ಲ. 1987ರಲ್ಲಿ ಮೂರು ಆಟವನ್ನೂ ಬರೆಯಲಿಲ್ಲ.

ಆ ವರ್ಷ ಆಟಗಾರರು ಮುಷ್ಕರ ಹೂಡಿದರು. ಮಾಲೀಕರು ಅಲ್ಲಿ ಇಲ್ಲಿಂದ ಬದಲಿಗಳನ್ನು ಕೂಡಿಹಾಕಿ ಮೂರು ವಾರ ಆಡಿಸಿದರು. ಬೇರೆ ಊರುಗಳವರು ಬೈದುಕೊಂಡು ನೋಡಿದರು. ಹಾರ್ಲನ್ ನೋಡಲಿಲ್ಲ. ಇಲ್ಲಿ ಮಕ್ಕಳು ತೊದಲು ನುಡಿಯಲ್ಲೇ ಕೂಲಿ ಒಪ್ಪಂದದ ಕಲಮು ಹೇಳುತ್ತವೆ. ಡಾಟಿ ಬಾರಿನ ಟಿವಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಊರಿನ ಪತ್ರಿಕೆ ಮೂರು ವಾರ ಕ್ರೀಡಾಪುಟದಲ್ಲಿ ಹೆಂಗಸರ ಬೌಲಿಂಗ್ ಪಂದ್ಯದ ಫಲಿತಾಂಶ ಬಿಟ್ಟು ಬೇರೇನೂ ಹಾಕಲಿಲ್ಲ. ಆಡಿದವರು ಯಾರು ಎಂದು ಒಬ್ಬನೂ ಓದಲಿಲ್ಲ, ಕೇಳಲಿಲ್ಲ. ಹಂಗಾಮಿನ ಕೊನೆಗೆ ಬರ್ನಿ ಏಣಿ ಹತ್ತಿ ಬರೆದ: ಗೆಲುವು ನಾಲ್ಕು, ಸೋಲು ಎಂಟು, ‘ಮುಷ್ಕರ’. ಹದಿನೈದು ಆಟದ ಹಂಗಾಮು ಹನ್ನೆರಡಕ್ಕೆ ಮುಗಿಯಿತು. ಕೆಳಗಿದ್ದವರು ಚಪ್ಪಾಳೆ ತಟ್ಟಿದರು.

ಆ ಮೂರು ವಾರಗಳಿಂದ ಊರು ಉಳಿಸಿಕೊಂಡದ್ದು ಒಂದೇ ಒಂದು ವೀರಗಾಥೆ, ಬರ್ನಿಯ ಮೊಟ್ಟೆಯದು. ಮೊದಲ ಭಾನುವಾರ ಬದಲಿಗಳ ಬಸ್ಸು ಬಂತು. ಎಲ್ಲರೂ ಮುಖಕ್ಕೆ ಟವೆಲ್ ಸುತ್ತಿಕೊಂಡು ಇಳಿದರು, ಕಾಣುತ್ತಿದ್ದದ್ದು ಕಿವಿ ಮಾತ್ರ. ಕೈಯಲ್ಲಿ ಚೆಂಡು ಹಿಡಿದಿದ್ದವನು, ಅಂದರೆ ಆಟದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಕೊನೆಗೆ ಇಳಿದ. ಬರ್ನಿ ಗುರಿಯಿಟ್ಟ. ಮೊಟ್ಟೆ ಎಡಗಿವಿಗೆ ಬಡಿಯಿತು. ಮೊದಲ ವರ್ಷ ಆ ಮೊಟ್ಟೆ ಹಾರಿದ ದೂರ ಹದಿನೈದು ಗಜ. ತೊಂಬತ್ತೈದರ ಹೊತ್ತಿಗೆ ಮೂವತ್ತಾಯಿತು. ಈಚೆಗೆ ಐವತ್ತು ಗಜ ದಾಟಿ, ಎದುರುಗಾಳಿಯೂ ಸೇರಿಕೊಂಡಿತ್ತು.

ಈ ಕಥೆಯನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದವನು ಡೆಲ್ಮರ್ ಯೋಸ್ಟ್. ನಲ್ಲಿ ಕೊಳಾಯಿ ಕೆಲಸದವನು. ಮುಷ್ಕರದ ವರ್ಷದ ಕೊನೆಯಲ್ಲಿ ವೆಸ್ಟ್ ವರ್ಜೀನಿಯಾದ ಗುಡ್ಡಗಳಿಂದ ಬಂದು ಇಲ್ಲೇ ನೆಲೆಸಿದವನು. ಕೊಳಾಯಿಯವರ ಸಂಘಕ್ಕೆ ಹನ್ನೊಂದು ವರ್ಷ ಕಾರ್ಯದರ್ಶಿ, ಬರ್ನಿಯ ಮಗಳಿಗೆ ಜ್ಞಾನಸ್ನಾನದ ತಂದೆ, ಮೂವತ್ತಾರು ವರ್ಷದಿಂದ ಬರ್ನಿಯ ಎಡಗಡೆಯ ಸ್ಟೂಲು. ಆ ಸ್ಟೂಲು ಇದ್ದದ್ದು ಸರಿಯಾಗಿ 1987ರ ಸಾಲಿನ ಕೆಳಗೆ.

“ಯಾವ ಕಿವಿ ಅಂದೆ ಬರ್ನಿ?”

“ಎಡಗಿವಿ ಕಣೋ. ಸಾವಿರ ಸಲ ಹೇಳಿದೀನಿ.”

“ನೋವಾಗಿರತ್ತೆ ಅಲ್ವಾ, ಪಾಪ.”

“ಪಾಪ ಏನು ಬಂತು? ಮುಷ್ಕರ ಮುರಿದ ನಾಯಿ.”

“ಅದೂ ಸರಿಯೇ,” ಎಂದು ಡೆಲ್ಮರ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

ಹೀಗಿರುವಾಗ ಸೆಪ್ಟೆಂಬರಿನ ಆ ಮಂಗಳವಾರ ತಂಡದ ಕಚೇರಿಯಿಂದ ಕೆಂಡ್ರಾ ಎಂಬ ಹುಡುಗಿ ಬಂದಳು. ಕಂಕುಳಲ್ಲಿ ತಂಡದ ದಾಖಲೆಗಳ, ಇಟ್ಟಿಗೆಯಂಥ ಒಂದು ಪುಸ್ತಕ. ಬರುವ ವರ್ಷ ಹೊಸ ಕ್ರೀಡಾಂಗಣ ತೆರೆಯುತ್ತದೆ. ಡಾಟಿ ಒಪ್ಪಿದರೆ ಈ ಗೋಡೆಯನ್ನು ಇದ್ದ ಹಾಗೇ ಕೊಯ್ದು ತೆಗೆದು, ಗಾಜಿನ ಹಿಂದೆ, ಹೆಬ್ಬಾಗಿಲಲ್ಲಿ ನಿಲ್ಲಿಸುತ್ತಾರಂತೆ. ಕೆಳಗೆ ಹಿತ್ತಾಳೆಯ ಫಲಕ: ‘ಬರೆದವನು ಬರ್ನಾರ್ಡ್ ಪವ್ಲಾಕ್’.

ಬರ್ನಿಯ ಕೈಯಲ್ಲಿದ್ದ ಪಿರೋಗಿ ಕಡುಬು ತಟ್ಟೆಗೆ ಬಿತ್ತು. ನಲವತ್ತನಾಲ್ಕು ವರ್ಷ ಬರೆದದ್ದನ್ನು ಓದಿದವರು ಕುಡಿದವರು ಮಾತ್ರ. ಇನ್ನು ಭಾನುವಾರಕ್ಕೆ ಎಪ್ಪತ್ತು ಸಾವಿರ ಜನ. ಅವರಲ್ಲಿ ಕಾಲುಭಾಗವಾದರೂ ಒಳಗೆ ಹೋಗುವಾಗ ಎಚ್ಚರದಲ್ಲಿರುತ್ತಾರೆ.

“ಒಂದೇ ಒಂದು ತಿದ್ದುಪಡಿ ಸರ್,” ಎಂದಳು ಕೆಂಡ್ರಾ. “ಎಂಬತ್ತೇಳರ ಸಾಲು. ಮೂರು ಆಟ ಬಿಟ್ಟುಹೋಗಿದೆ.”

ಡಾಟಿ ಲೋಟ ಒರೆಸುವುದನ್ನು ನಿಲ್ಲಿಸಿದಳು.

“ಬಿಟ್ಟುಹೋಗಿಲ್ಲ ಮಗಳೇ, ಬಿಟ್ಟಿರೋದು,” ಎಂದ ಬರ್ನಿ.

“ಆ ಮೂರು ಆಟ ನಡೆದೇ ಇಲ್ಲ,” ಎಂದು ಡೆಲ್ಮರ್ ಮೇಜು ಗುದ್ದಿದ. “ಬರ್ನಿ, ನೀನು ಕುಂಚ ಮುಟ್ಟಿದ್ರೆ ನನ್ನ ಹೆಣ ದಾಟಿ ಹೋಗ್ಬೇಕು, ಹೇಳಿದೀನಿ.”

“ನಡೆದಿದೆ ಸರ್. ಮೂರನ್ನೂ ಡಾಕರ್ಸ್ ಗೆದ್ದಿದೆ. ಆ ಹತ್ತು ವರ್ಷದಲ್ಲಿ ಸತತ ಮೂರು ಗೆದ್ದಿದ್ದು ಅದೊಂದೇ ಸಲ.”

ಎಲ್ಲರಿಗೂ ಇದು ಗೊತ್ತಿತ್ತು. ಆದರೆ ಊರಿನ ನಾಲಿಗೆಯ ಮೇಲೆ ಈ ಮಾತು ಬಂದದ್ದು ಇದೇ ಮೊದಲು. ಮೂಲೆಯಲ್ಲಿ ಯಾರೋ ಎದೆಗೆ ಶಿಲುಬೆ ಗುರುತು ಹಾಕಿಕೊಂಡರು.

ಬರ್ನಿ ಹಿತ್ತಾಳೆ ಫಲಕವನ್ನು ಮನಸ್ಸಿನಲ್ಲೇ ಒಮ್ಮೆ ಸವರಿ ಬದಿಗಿಟ್ಟ. ಅವನಿಗೆ ಅದು ಹಲ್ಲು ಕೀಳಿಸಿಕೊಂಡಂತೆ ಆಯಿತು. “ಗೆದ್ದರಂತೆ. ಯಾರು ಗೆದ್ದರು? ಆ ಕಳ್ಳರಿಗೆ ಹೆಸರಿದೆಯಾ? ಹೆಸರು ಹೇಳ್ಕೊಳ್ಳೋಕೆ ನಾಚೋರ ಗೆಲುವನ್ನ ನಾನು ಬರೆಯಲ್ಲ.”

“ಹೆಸರಿದೆ ಸರ್,” ಎಂದು ಕೆಂಡ್ರಾ ಇಟ್ಟಿಗೆಯನ್ನು ಬಿಚ್ಚಿದಳು.

ಡೆಲ್ಮರ್ ಸ್ಟೂಲಿನಿಂದ ಇಳಿದ. “ಒಳಗೆ ನಲ್ಲಿ ಸೋರ್ತಿರೋ ಹಾಗಿದೆ. ನೋಡ್ಕೊಂಡ್ ಬರ್ತೀನಿ.”

“ನನ್ನ ನಲ್ಲಿ ಸೋರ್ತಿಲ್ಲ,” ಎಂದಳು ಡಾಟಿ. “ಜೂನ್‌ನಲ್ಲಿ ನೀನೇ ಸರಿ ಮಾಡಿದೀಯಲ್ಲ.”

“ಕ್ವಾರ್ಟರ್‌ಬ್ಯಾಕ್,” ಎಂದು ಹುಡುಗಿ ಓದಿದಳು, “ಹನ್ನೊಂದನೇ ನಂಬರ್, ವಯಸ್ಸು ಇಪ್ಪತ್ತಾರು, ವೆಸ್ಟ್ ವರ್ಜೀನಿಯಾ. ಡೆಲ್ಮರ್ ಯೋಸ್ಟ್.”

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಬರ್ನಿಯ ಬಾಯಿ ತೆರೆಯಿತು.

ಆ ಬಾರಿನಲ್ಲಿ ಹಿಂದೆಯೂ ಮೌನ ಕವಿದದ್ದುಂಟು, 1968ರ ಮಂಡಿ ಮುರಿದಾಗ. ಆದರೆ ಆಗ ಕನಿಷ್ಠ ಪಕ್ಷ ಮಂಡಿಯ ಶಬ್ದ ಕೇಳಿತ್ತು. ಈಗ ಹುರಿಯುವ ಬಾಣಲೆಯೂ ಸದ್ದು ನಿಲ್ಲಿಸಿದಂತಿತ್ತು. ಡೆಲ್ಮರ್ ಶೌಚಾಲಯದ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಬೆನ್ನು ತೋರಿಸಿ ನಿಂತಿದ್ದ. ಅವನ ಎಡಗಿವಿ ಎಲ್ಲರಿಗೂ ಕಾಣುತ್ತಿತ್ತು. ಅದು ಕೆಂಪಗಾಗಿತ್ತು.

ಬಾಯಿ ತೆರೆದೇ ಇದ್ದ ಬರ್ನಿ ಹೇಗೋ ಕೇಳಿದ: “ಮೂರೂ ಗೆದ್ದೆಯಾ?”

ಕೇಳಬೇಕೆಂದುಕೊಂಡದ್ದು ಇದನ್ನಲ್ಲ. ಆದರೆ ಡಾಕರ್ಸ್‌ನ ಭಕ್ತನ ಬಾಯಿಂದ ಮೊದಲು ಹೊರಡುವುದು ಇದೇ.

“ಮೂರೂ,” ಎಂದ ಡೆಲ್ಮರ್, ತಿರುಗದೆ. “ಕೊನೇದು ಹದಿನಾಲ್ಕು ಅಂಕ ಹಿಂದೆ ಇದ್ದು ಗೆದ್ದಿದ್ದು.”

“ಹದಿನಾಲ್ಕು?” ಎಂದು ಮೂಲೆಯವನು ಕೇಳಿ, ಡಾಟಿಯ ಕಣ್ಣು ನೋಡಿ ಸುಮ್ಮನಾದ.

“ಮೊಟ್ಟೆ,” ಎಂದ ಬರ್ನಿ.

“ಹದಿನೈದು ಗಜ ಕೂಡ ಇರಲಿಲ್ಲ ಬರ್ನಿ. ಆರು ಗಜ. ಗಾಳಿ ನಿನ್ನ ಕಡೆಯಿಂದಾನೇ ಬೀಸ್ತಿತ್ತು.”

ಮೊದಲ ಪೆಟ್ಟಿಗಿಂತ ಇದು ದೊಡ್ಡದಾಯಿತು. ಬರ್ನಿ ಬಾರಿನ ಅಂಚು ಹಿಡಿದುಕೊಂಡ. “ಮೂವತ್ತಾರು ವರ್ಷ ನನ್ನ ಪಕ್ಕ ಕೂತು ನಗ್ತಿದ್ದೆ.”

“ಚೆನ್ನಾಗಿ ಹೇಳ್ತಿದ್ದೆ ನೀನು.”

“ಸಂಘದ ಕಾರ್ಯದರ್ಶಿ ಬೇರೆ. ನನ್ನ ಮಗೂನ ಚರ್ಚಿನಲ್ಲಿ ಎತ್ಕೊಂಡಿದ್ದೆ. ಯಾಕೋ ಆಡಿದೆ? ಹೇಳು.”

ಡೆಲ್ಮರ್ ತಿರುಗಿದ. “ಕಥೆ ಕಟ್ಟಲ್ಲ. ಉಪವಾಸ ಇರಲಿಲ್ಲ, ಮನೇಲಿ ಯಾರೂ ಕಾಯಿಲೆ ಬಿದ್ದಿರಲಿಲ್ಲ. ಫೋನ್ ಬಂತು, ಆಡ್ತೀಯಾ ಅಂದ್ರು. ಇಪ್ಪತ್ತಾರು ವರ್ಷ ನಂಗೆ. ಆಡ್ತೀನಿ ಅಂದೆ. ನೀನಾಗಿದ್ರೆ?”

“ಆಗಲ್ಲ ಅಂತಿದ್ದೆ.”

“ಅಂತಿದ್ದೆ, ಗೊತ್ತು. ಅದಕ್ಕೇ ಬಂದು ನಿನ್ನ ಪಕ್ಕ ಕೂತಿದ್ದು.”

“ಊರಿಗೆ ಹೋಗ್ಬಾರದಾಗಿತ್ತಾ?”

“ನಾನು ಗೆದ್ದಿದ್ದು ಇದೊಂದೇ ಊರಲ್ಲಿ ಕಣೋ. ಎಲ್ಲಿಗೆ ಹೋಗ್ಲಿ?”

ಹಾರ್ಲನ್‌ನಲ್ಲಿ ಗೆದ್ದ ಅನುಭವವಿದ್ದವರು ಅಲ್ಲಿ ಇನ್ನಾರೂ ಇರಲಿಲ್ಲ. ಡೆಲ್ಮರ್ ಟೋಪಿ ಎತ್ತಿಕೊಂಡು ಹೊರಟುಹೋದ. ಬರ್ನಿ ಬಾಯಿ ತೆರೆದುಕೊಂಡೇ ಮನೆಗೆ ಬಂದ, ಸೂಪು ಕುಡಿದ, ಅಡಿಗೆಮನೆಯ ಬರಿಗೋಡೆ ನೋಡುತ್ತ ಕುಳಿತ. ಅವನ ಸಂಕಟ ಎರಡು ಮೊನೆಯದು. ಆಟ ಬರೆದರೆ ಮುಷ್ಕರ ಮುರಿದವರನ್ನು ಒಪ್ಪಿಕೊಂಡಂತೆ. ಬರೆಯದೆ ಬಿಡುವುದು, ಆ ಮೂರನ್ನು ಆಡಿದವನಿಗೆ ಮುಖವೇ ಇಲ್ಲದಾಗ, ನಿಷ್ಠೆಯಾಗಿತ್ತು. ಈಗ ಮುಖ ಗೊತ್ತಾದ ಮೇಲೆ, ಅದು ಸುಳ್ಳು. ಡಾಟಿಯ ಅಪ್ಪನ ಕೈ ಮುಟ್ಟಿ ಅವನು ಮಾತು ಕೊಟ್ಟಿದ್ದ.

“ಇಷ್ಟು ಹೊತ್ತು ಯೋಚಿಸಬೇಡ,” ಎಂದಳು ಲೊರೇನ್. “ಅಭ್ಯಾಸ ಇಲ್ಲದ್ದು, ಆರೋಗ್ಯಕ್ಕೆ ಒಳ್ಳೇದಲ್ಲ.”

ಗುರುವಾರ ಬಾಯಿ ಮುಚ್ಚಿತು. ಕ್ಷೌರ ಮಾಡಿಸಿಕೊಂಡ, ಇಸ್ತ್ರಿಯ ಅಂಗಿ ತೊಟ್ಟ, ಡಾಟಿಯ ಬಾರಿಗೆ ಹೋಗಿ ಏಣಿ ಹತ್ತಿದ. ಹಳೆಯ ಸಾಲನ್ನು ಮುಟ್ಟಲಿಲ್ಲ: ನಾಲ್ಕು, ಎಂಟು, ‘ಮುಷ್ಕರ’. ಅದರ ಕೆಳಗೆ, 1988ರ ನೆತ್ತಿಯ ಮೇಲಿದ್ದ ಬೆರಳಗಲದ ಜಾಗದಲ್ಲಿ, ಹಲ್ಲುಜ್ಜುವ ಬ್ರಷ್ಷಿಗಿಂತ ಸಣ್ಣ ಕುಂಚದಿಂದ ಬರೆದ: ‘ಮೂರು ಆಟ ಬೇರೆಯವರು ಆಡಿದರು, ಮೂರೂ ಗೆದ್ದರು. ಚೆಂಡು ಎಸೆದವನು ಯೋಸ್ಟ್. ತಪ್ಪು ಮಾಡಿದ. ಮೊಟ್ಟೆ ಎಸೆದವನು ಪವ್ಲಾಕ್. ಆರು ಗಜ.’

ಕೊನೆಯ ಎರಡು ಪದ ಬರೆಯುವ ಮೊದಲು ಅವನು ಎರಡು ಸಲ ಏಣಿ ಇಳಿದು ಹತ್ತಿದನಂತೆ.

ಕೆಂಡ್ರಾ ಫೋಟೊ ತೆಗೆದು ಕಚೇರಿಗೆ ಕಳಿಸಿದಳು. ಕಚೇರಿಯವರು ಓದಿದರು. ಗೆಲುವನ್ನು ಏಳು ಎಂದು ತಿದ್ದಬೇಕು, ‘ತಪ್ಪು’ ಮತ್ತು ‘ಮೊಟ್ಟೆ’ ತೆಗೆಯಬೇಕು ಎಂದರು. ಬರ್ನಿ ಏಣಿ ಮಡಚಿದ. ಗೋಡೆ ಡಾಟಿಯ ಬಾರಿನಲ್ಲೇ ಉಳಿಯಿತು. ಹಿತ್ತಾಳೆಯ ಆಸೆ ಅವನಿಗೆ ಪೂರ್ತಿ ಹೋಗಿಲ್ಲವೆಂದು ಲೊರೇನ್ ಹೇಳುತ್ತಾಳೆ. ಮನೆಯ ಹಿತ್ತಾಳೆ ನಲ್ಲಿಯ ತಿರುಪನ್ನು ಸುಮ್ಮನೆ ಸವರುತ್ತಿರುತ್ತಾನಂತೆ.

ಡೆಲ್ಮರನಿಗೆ ಶಿಕ್ಷೆ ವಿಧಿಸಿದವನೂ ಬರ್ನಿಯೇ. ಮುಷ್ಕರ ಮುರಿದು ಆಡಿದ್ದು ಮೂರು ಆಟ, ಆದ್ದರಿಂದ ಮೂರು ಭಾನುವಾರ ಆಟ ಮುಗಿಯುವವರೆಗೆ ಬಾರಿನ ಹೊರಗೆ ಫಲಕ ಹಿಡಿದು ನಿಲ್ಲಬೇಕು. ಫಲಕವನ್ನು ಬರ್ನಿಯೇ ಬರೆದುಕೊಟ್ಟ, ಒಳ್ಳೆಯ ಅಕ್ಷರದಲ್ಲಿ: ‘ನಾನು ಮುಷ್ಕರ ಮುರಿದು ಒಳಗೆ ಹೋದವನು’. ಅರವತ್ತೆರಡರ ಡೆಲ್ಮರ್ ಅದನ್ನು ಹಿಡಿದು ನಿಂತ. ಡಾಕರ್ಸ್ ಮೊದಲೆರಡನ್ನೂ ಸೋತರು.

ಮೂರನೆಯ ಭಾನುವಾರ ಸರೋವರದ ಕಡೆಯಿಂದ ಚೂರಿಯಂಥ ಮಳೆಗಾಳಿ. ಮೂರನೆಯ ಸೋಲೂ ಖಾತ್ರಿಯಾದ ಹೊತ್ತಿಗೆ ಬರ್ನಿ ಹೊರಗೆ ಬಂದ. ಕೈಯಲ್ಲಿ, ಕಾಗದದ ಕರವಸ್ತ್ರದ ಮೇಲೆ, ಡಾಟಿಯ ಭರಣಿಯ ಹುಳಿನೀರಲ್ಲಿ ನೆನೆಸಿಟ್ಟ ಬೇಯಿಸಿದ ಮೊಟ್ಟೆಯೊಂದಿತ್ತು. ಡೆಲ್ಮರ್ ಅದನ್ನು ನೋಡಿ, ಫಲಕವನ್ನು ಕೆಳಗಿಟ್ಟು, ಎಡಗಿವಿ ತಿರುಗಿಸಿ ನಿಂತ.

“ಎಷ್ಟು ಗಜ ಹಿಂದೆ ಹೋಗ್ಲಿ?” ಎಂದು ಕೇಳಿದ.

“ತಿನ್ನು, ಮುಂಡೇದೆ,” ಎಂದ ಬರ್ನಿ. “ಒಳಗೆ ನಿನ್ನ ಸ್ಟೂಲಲ್ಲಿ ಯಾವನೋ ಕೂತಿದಾನೆ, ಬಂದು ಎಬ್ಬಿಸು.”