ಎತ್ತುಗಳ ಮುಂದಿಟ್ಟ ಹೃದಯ

ಎಂ.ಡಿ.ಗೆ ಅಂಗರಚನಾಶಾಸ್ತ್ರ ತೆಗೆದುಕೊಂಡ ಹೊಸದರಲ್ಲಿ ನನಗೆ ಹಿಡಿದದ್ದು ಹುಚ್ಚು, ಬೇರೆ ಮಾತಿಲ್ಲ. ನಮ್ಮೂರು ಕುಕನೂರಿನಿಂದ ಕೊಪ್ಪಳದ ವೈದ್ಯಕೀಯ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಮುಂದಿನ ಸೀಟಿನವರು ಕತ್ತು ತಿರುಗಿಸಿದರೆ ಸಾಕು, ಕಿವಿಯ ಹಿಂದಿನಿಂದ ಎದೆಯವರೆಗೆ ಹಗ್ಗದಂತೆ ಎದ್ದು ನಿಲ್ಲುವ ಸ್ನಾಯು ಕಂಡು ಹಿಗ್ಗುತ್ತಿದ್ದೆ. ಟಿಕೆಟ್ ಯಂತ್ರ ಒತ್ತುವ ಕಂಡಕ್ಟರನ ಹೆಬ್ಬೆರಳ ಬುಡವನ್ನೇ ನೋಡುತ್ತ ಕೂತು ಬೈಸಿಕೊಂಡಿದ್ದೂ ಇದೆ. ಎಂ.ಬಿ.ಬಿ.ಎಸ್.ನಲ್ಲಿ ಪರೀಕ್ಷೆಗೆಂದು ಉರು ಹೊಡೆದು ಮರೆತಿದ್ದ ವಿಷಯ ಈಗ ನನ್ನ ಜೊತೆ ಮಾತಿಗೆ ಕೂತಿತ್ತು.

ಮನೆಯಲ್ಲಿ ಮಾತ್ರ ಈ ಸಡಗರ ನಡೆಯುತ್ತಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ರೊಟ್ಟಿ ಅಂದರೆ ಮೊಮ್ಮಗಳ ಕೈಯದೇ ಆಗಬೇಕು ಎಂದು ಹಟ ಹಿಡಿಯುತ್ತಿದ್ದವಳು ಅವಳು. ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ನಾನು ಹೆಣ ಕೊಯ್ದ ಸುದ್ದಿಯನ್ನು ಅವ್ವ ಹೇಗೋ ಮುಚ್ಚಿಟ್ಟಿದ್ದಳು. ಇನ್ನು ಮುಂದೆ ಅದೇ ಕೆಲಸ ಎಂದಾದ ಮೇಲೆ ಮುಚ್ಚಿಡುವುದು ಯಾರಿಂದಾಗುತ್ತದೆ? ಗೊತ್ತಾದ ದಿನದಿಂದ ಆಯಿ ನನ್ನ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ.

“ಜಳಕಾ ಮಾಡಿ ಬಂದೀನಿ ಆಯಿ, ಸಾಬೂನು ಹಚ್ಚಿ ತಿಕ್ಕೀನಿ,” ಎಂದರೆ, “ಜಳಕಾ ಮೈಗೆ ಆತು. ಕೈಗೆ ಹತ್ತಿದ್ದು ಹೋಗ್ತೈತೇನು?” ಎನ್ನುತ್ತಿದ್ದಳು.

ನಾನು ನಗುತ್ತಿದ್ದೆ. ಒಳಗೆ ಮಾತ್ರ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬರುತ್ತಿತ್ತು.

ಅಷ್ಟರಲ್ಲಿ ನನ್ನ ಮೊದಲ ಪಾಠ ಬಂತು. ಮೊದಲ ವರ್ಷದ ಹುಡುಗ ಹುಡುಗಿಯರಿಗೆ ನಾನು ಹೃದಯದ ಕೋಣೆಗಳನ್ನು ಕಲಿಸಬೇಕು, ವಿಭಾಗದ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ವಿಭಾಗದಲ್ಲಿ ಪ್ಲಾಸ್ಟಿಕ್ ಮಾದರಿಗಳಿಗೆ ಬರವಿಲ್ಲ. ಆದರೆ ಪಾಠ ಮಾಡುವವರು ಮಾದರಿಯನ್ನು ಸ್ವಂತ ಕೈಯಿಂದ ಮಾಡಿ ತರಬೇಕೆಂಬುದು ಮೇಡಂ ಹಾಕಿದ ಪದ್ಧತಿ. ಪಾಠ ಸೋಮವಾರ. ಭಾನುವಾರ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುತ್ತದೆಯೇ ಎಂದು ಕುಣಿಯುತ್ತ ಊರಿಗೆ ಬಂದೆ.

ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಣ್ಣಿನ ಎತ್ತು ಮಾಡುವವಳು ನಾನೇ. ಅವ್ವ ಎರೆಮಣ್ಣು ನಾದಿ ಇಟ್ಟಿದ್ದಳು. ಕೈ ಹಾಕಲು ಹೋದರೆ ಅಡುಗೆಮನೆಯಿಂದ ಆಯಿಯ ದನಿ ಬಂತು: “ನೀ ಮುಟ್ಟಬ್ಯಾಡ. ಈ ಸಲ ನಿಮ್ಮವ್ವ ಮಾಡ್ತಾಳ.”

ಮೂಗಿನ ತುದಿಗೆ ಸಿಟ್ಟು ಬಂತು. ಅವ್ವ ಎತ್ತುಗಳನ್ನೂ ಅವುಗಳ ಮುಂದಿಡುವ ಮೇವಿನ ಗೋದಲಿಯನ್ನೂ ಮಾಡಿ ಮುಗಿಸುವವರೆಗೆ ಕಾದು, ಉಳಿದ ಮಣ್ಣನ್ನೆಲ್ಲ ಬಾಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತೆ. ಕೂತ ಮೇಲೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತೆಂಗಿನಕಾಯಿ ಗಾತ್ರದ ಹೃದಯ, ಅರ್ಧಕ್ಕೆ ಕೊಯ್ದಂತೆ. ಮೇಲೆ ಎರಡು ಕೋಣೆ, ಕೆಳಗೆ ಎರಡು, ನಡುವೆ ಗೋಡೆ. ಕೆಳಗಿನ ಎಡ ಕೋಣೆಯ ಗೋಡೆಯನ್ನು ದಪ್ಪ ಮಾಡಿದೆ, ಮೈಗೆಲ್ಲ ರಕ್ತ ದಬ್ಬುವುದು ಅದೇ ಅಲ್ಲವೇ! ಒಣಗಲೆಂದು ಅವ್ವನ ಎತ್ತು, ಗೋದಲಿಗಳಿದ್ದ ಮಾಡದಲ್ಲಿ, ಗೋಡೆಯ ಆ ಗೂಡಿನ ತುದಿಯಲ್ಲಿ ಅದನ್ನೂ ಇಟ್ಟು ಬಚ್ಚಲಿಗೆ ಹೋದೆ.

ತಲೆ ಒರೆಸಿಕೊಳ್ಳುತ್ತ ಬಂದಾಗ ಆರತಿ ನಡೆದಿತ್ತು. ಎತ್ತುಗಳು ಗುಲಗಂಜಿ ಕಣ್ಣು ಬಿಟ್ಟುಕೊಂಡು ಜಗಲಿಯ ಮೇಲೆ ನಿಂತಿದ್ದವು. ಅವುಗಳ ಮುಂದೆ ನನ್ನ ಹೃದಯ! ನಾಲ್ಕೂ ಕೋಣೆಗಳ ತುಂಬ ಜೋಳ, ಅಂಚಿಗೆಲ್ಲ ಕುಂಕುಮ. ಅವ್ವ ಮಾಡಿದ ಗೋದಲಿ ಎರಡು ಹೋಳಾಗಿ ಮಾಡದಲ್ಲೇ ಬಿದ್ದಿತ್ತು. ಕಣ್ಣು ಮಂಜಾದ ಆಯಿ ಪಕ್ಕದಲ್ಲಿದ್ದ ನನ್ನದನ್ನು ಗೋದಲಿ ಎಂದು ತಂದು ಇಟ್ಟಿದ್ದಳು. ಅವ್ವನಿಗೆ ತಿಳಿದಿತ್ತು, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟೆ.

“ಯಾಕ ನಗತಿ?”

“ಆಯಿ, ಅದು ಗ್ವಾದಲಿ ಅಲ್ಲ. ಗುಂಡಿಗಿ. ನಾ ಮಾಡಿದ್ದು.”

ಆಯಿ ಹೃದಯವನ್ನು ನೋಡಿದಳು, ಆಮೇಲೆ ನನ್ನ ಕೈಗಳನ್ನು. “ಅಯ್ಯ ಶಿವನ! ಎತ್ತಿಗೆ ಗುಂಡಿಗ್ಯಾಗ ಮೇವು ಹಾಕೀನೇನ?”

ಪಡಸಾಲೆಯಲ್ಲಿದ್ದ ಅಪ್ಪ ಕೆಮ್ಮುವ ನೆಪದಲ್ಲಿ ನಗತೊಡಗಿದ. ಆಯಿ ನಗಲಿಲ್ಲ. “ಪೂಜಿ ಆಗೇತಿ, ಎಡಿ ಹಿಡಿದೀನಿ. ಇನ್ನ ಅದು ದೇವರದು. ಎತ್ತಿನ ಕೂಡ ಹಳ್ಳಕ್ಕ ಬಿಡೂದು,” ಎಂದಳು.

“ನಾಳಿಗೆ ನನಗ ಪಾಠಕ್ಕ ಬೇಕು ಆಯಿ!”

“ದೇವರ ಮುಂದಿಂದು ಹೆಣದ ಮನಿಗೆ ಒಯ್ತಿ? ನಾ ಬಿಡಾಂಗಿಲ್ಲ.”

“ಹೆಣದ ಕ್ವಾಣಿ ಬ್ಯಾರೆ, ಪಾಠದ ಕ್ವಾಣಿ ಬ್ಯಾರೆ.”

“ಹಂಗಾದ್ರ ನಾನೂ ಬರ್ತೀನಿ. ನನ್ನ ಉಡ್ಯಾಗ ಇಟ್ಕೊಂಡು ಬರ್ತೀನಿ.”

ಹೀಗೆ ಸೋಮವಾರ ಬೆಳಗಿನ ಬಸ್ಸಿನಲ್ಲಿ ಆಯಿಯ ಉಡಿಯಲ್ಲಿ ನನ್ನ ಹೃದಯ ಕೊಪ್ಪಳಕ್ಕೆ ಹೊರಟಿತು. ಪಕ್ಕದ ಸೀಟಿನವನು, “ಬೆಲ್ಲದ ಪೆಂಟೇನ್ರಿ ಅಮ್ಮಾರ?” ಎಂದು ಕೇಳಿದ. “ಗುಂಡಿಗಿರಿ,” ಎಂದಳು ಆಯಿ. ಅವನು ಎದ್ದು ಹಿಂದಿನ ಸೀಟಿಗೆ ಹೋದ. ನಾನು ಕಿಟಕಿಗೆ ಮುಖ ತಿರುಗಿಸಿ ಭಾನಾಪುರ ದಾಟುವವರೆಗೂ ನಕ್ಕೆ.

ತರಗತಿಯಲ್ಲಿ ಮೇಡಂ ಆಯಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕುಂಕುಮ ಹಚ್ಚಿದ ಹೃದಯ ಮೇಜಿನ ಮೇಲೆ ಬಂದದ್ದೇ ತಡ, ಹುಡುಗರು ಗೊಳ್ಳೆಂದರು. ನನಗೆ ಮೊದಲ ವಾಕ್ಯವೇ ಮರೆತುಹೋಯಿತು. ಏನೂ ತೋಚದೆ ಮೇಲಿನ ಬಲ ಕೋಣೆಯಿಂದ ಒಂದು ಜೋಳದ ಕಾಳು ಎತ್ತಿ, “ಇದು ರಕ್ತ ಅಂತ ತಿಳ್ಕೊಳ್ರಿ,” ಎಂದೆ. ಅಲ್ಲಿಂದ ಮಾತು ತಾನೇ ಬಂತು. ಕಾಳನ್ನು ಮೇಲಿನಿಂದ ಕೆಳಗಿನ ಕೋಣೆಗೆ ತಳ್ಳಿದೆ. ಇನ್ನು ಮುಂದಕ್ಕೆ ಹೋಗಬೇಕು, ಅಷ್ಟರಲ್ಲಿ, ದಾರಿಯುದ್ದಕ್ಕೂ ಉಡಿಯಲ್ಲಿ ಅದನ್ನು ತಡವಿ ತಿಳಿದಿದ್ದ ಆಯಿ ಹಿಂದಿನ ಬೆಂಚಿನಿಂದ ಕೂಗಿದಳು:

“ನಡುವ ಗ್ವಾಡಿ ಐತಲ್ಲ! ಈ ಕಡೆ ಕಾಳು ಆ ಕಡೆ ಹ್ಯಾಂಗ ಹೋಗ್ತಾವು?”

ತರಗತಿ ಮತ್ತೆ ನಕ್ಕಿತು. ನಾನು ನಗಲಿಲ್ಲ, ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬೆಂಚುಗಳ ನಡುವೆ ನಡೆದೆ. “ಗ್ವಾಡಿ ದಾಟಿ ಹೋಗೂದಿಲ್ಲ ಆಯಿ. ಹಿಂಗ ಹೊರಗ ಬಂದು, ಪುಪ್ಪುಸದಾಗ ಗಾಳಿ ತಗೊಂಡು, ಸುತ್ತು ಹಾಕಿ ಆ ಕಡಿಂದ ಒಳಗ ಬರ್ತೈತಿ.” ಆಯಿಯ ಎದುರಿಗೇ ಸುತ್ತು ಹಾಕಿ ಬಂದು ಕಾಳನ್ನು ಮೇಲಿನ ಎಡ ಕೋಣೆಗೆ ಬಿಟ್ಟೆ. ಆಯಿ ನನ್ನ ಕೈಯನ್ನು ಕಣ್ಣಿನಿಂದಲೇ ಹಿಂಬಾಲಿಸಿದಳು.

ಪಾಠ ಮುಗಿದ ಮೇಲೆ ಮೇಡಂ ಆ ಮಾದರಿಯನ್ನು ವಿಭಾಗದಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು. “ಇಲ್ರಿ ಅಕ್ಕೋರ, ಎತ್ತು ಕಾಯಾಕತ್ಯಾವು,” ಎಂದು ಆಯಿ ಅದನ್ನು ಮತ್ತೆ ಉಡಿಗೆ ಸೇರಿಸಿಕೊಂಡಳು. ಮೇಡಂ ನಗುತ್ತ ಕೈ ಮುಗಿದರು.

ಹೊರಗೆ ಮೆಟ್ಟಿಲ ಮೇಲೆ ಕೂತು ಆಯಿ, “ಬಾಯಿ ಒಣಗೇತಿ,” ಎಂದಳು. ಮನೆಯಲ್ಲಿ ಇಂಥದಕ್ಕೆ ಅವ್ವನನ್ನು ಕರೆಯುವ ರೂಢಿಯಂತೆ ನಾನು ಹಾದು ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ನೀರು ತರಲು ಕರೆದೆ.

“ಅಕೀನ್ಯಾಕ ಕರೀತಿ? ನಿನ್ನ ಚೀಲದಾಗ ಬಾಟ್ಲಿ ಐತಲ್ಲ.” ಹೃದಯವನ್ನು ಪಕ್ಕಕ್ಕಿಟ್ಟು ಎರಡೂ ಕೈ ಬೊಗಸೆ ಮಾಡಿದಳು. “ಹಾಕು.”

ಮುಚ್ಚಳ ತೆಗೆದೆ. ಹಾಕಿದ ನೀರಿನಲ್ಲಿ ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು. ಆಯಿ ಉಳಿದದ್ದನ್ನು ಕುಡಿದು, ಬಾಯಿ ಒರೆಸಿಕೊಳ್ಳದೆ ನನ್ನ ಕಡೆ ನೋಡಿದಳು.

“ಹೆಣದ ಮುಂದ ನಡಗೂದಿಲ್ಲ ಈ ಕೈ. ನನ್ನ ಮುಂದ ಯಾಕ ನಡಗತೈತಿ?”

ಬೊಗಸೆ ಮಾತ್ರ ಹಾಗೇ ಹಿಡಿದಿದ್ದಳು.